ಬೆಳೆ ಯಾವುದು, ಬೆಲೆ ಯಾವುದು ತಿಳಿಯದ ಯಂತ್ರ!

ಬಳ್ಳಾರಿಯ ಹುಡುಗರೇ, ಹುಡುಗಿಯರೇ, ನಿಮ್ಮ ಕೈಗೆ ಈಗ ಕ್ಯಾಮೆರಾ ಬಂದಿದೆ. ಇಪ್ಪತ್ತು ವರ್ಷದ ಹಿಂದೆ ಮದುವೆ ವಿಡಿಯೋದವನ ಹೆಗಲ ಮೇಲೂ ಇರದಿದ್ದಂಥ ಕ್ಯಾಮೆರಾ ಇವತ್ತು ನಿಮ್ಮ ಜೇಬಿನಲ್ಲಿದೆ. ಸಿರುಗುಪ್ಪದ ಭತ್ತದ ಗದ್ದೆ, ಕುರುಗೋಡಿನ ಬಂಡೆಗುಡ್ಡ, ಕೌಲ್‌ಬಜಾರಿನ ಸಂದಿಗೊಂದಿ ಎಲ್ಲವನ್ನೂ ಚಿತ್ರ ಮಾಡುತ್ತಿದ್ದೀರಿ. ಸಂತೋಷ. ಆದರೆ ಒಂದು ಮಾತು ಹೇಳಲೇಬೇಕು. ನಿಮ್ಮ ಚಿತ್ರ ಕಣ್ಣಿಗೆ ಹಬ್ಬ, ಕಿವಿಗೆ ಶಿಕ್ಷೆ! ರೈತ ಮಾತಾಡುತ್ತಿದ್ದರೆ ಪಂಪ್‌ಸೆಟ್ ಅವನಿಗಿಂತ ಜೋರಾಗಿ ಮಾತಾಡುತ್ತದೆ. ಅಜ್ಜಿ ಹಾಡುತ್ತಿದ್ದರೆ ಮೇಲಿನ ಫ್ಯಾನು ಶ್ರುತಿ ಹಿಡಿದಿರುತ್ತದೆ.

ನಾನು ಸಿನಿಮಾದವನಲ್ಲ. ಪಿಯುಸಿ ಮುಗಿಸಿ ಮಸಿಗೆ ಕೈಹಾಕಿ, ಈಗ ಒಂದು ಪ್ರಿಂಟಿಂಗ್ ಪ್ರೆಸ್ ನಡೆಸುವವನು. ನಿಮ್ಮ ಕಿರುಚಿತ್ರಗಳ ಪೋಸ್ಟರು ಅಚ್ಚಾಗುವುದು ನನ್ನಂಥವರ ಹತ್ತಿರ. ಪ್ರೂಫ್ ನೋಡಲು ಬಂದವರು ಲ್ಯಾಪ್‌ಟಾಪ್ ತೆರೆದು, 'ಅಣ್ಣಾ, ಒಂಚೂರು ಕೇಳ್ರಿ' ಅಂತಾರೆ. ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: 'ಈ ನಾಯ್ಸ್ ತೆಗೆಯಾಕೆ ಯಾವ ಸಾಫ್ಟ್‌ವೇರ್ ಚಲೋ?'

ಇಂಥ ರೆಕಾರ್ಡಿಂಗುಗಳನ್ನು ನಮ್ಮ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಹಲವು ಸಾಫ್ಟ್‌ವೇರುಗಳಿಗೆ ಹಾಕಿ ಕೇಳಿ ನೋಡಿದ ಮೇಲೆ ನನ್ನ ಉತ್ತರ ಇದು: ಯಾವುದು ಗದ್ದಲವನ್ನು ಹೆಚ್ಚು ಅಳಿಸುತ್ತದೋ ಅದು ಚಲೋ ಅಲ್ಲ. ಯಾವುದು ಕನ್ನಡವನ್ನು ಕಡಿಮೆ ಅಳಿಸುತ್ತದೋ ಅದು ಚಲೋ!

ಮೊದಲು ರೋಗ, ಆಮೇಲೆ ಮದ್ದು

ಎಲ್ಲ ಗದ್ದಲವೂ ಒಂದೇ ಜಾತಿಯದಲ್ಲ. ಜ್ವರಕ್ಕೂ ಮೂಳೆ ಮುರಿತಕ್ಕೂ ಒಂದೇ ಗುಳಿಗೆ ಕೊಡುವ ವೈದ್ಯನನ್ನು ಏನನ್ನುತ್ತೀರಿ? ಒಂದೇ ಬಟನ್ ಒತ್ತಿ ಎಲ್ಲ ಸರಿಮಾಡುತ್ತೇನೆ ಅನ್ನುವ ಸಾಫ್ಟ್‌ವೇರ್ ಕೂಡ ಅಂಥದೇ.

ಮೊದಲನೆಯದು, ನಿಲ್ಲದೆ ಒಂದೇ ಸಮ ಬರುವ ಸದ್ದು. ಫ್ಯಾನು, ಕೂಲರು, ಮೈಕಿನ ಸುಯ್‌ಗುಡುವಿಕೆ. ಇದನ್ನು ತಕ್ಕಮಟ್ಟಿಗೆ ತೆಗೆಯಬಹುದು. ಕರೆಂಟಿನ ಗುಂಯ್‌ಗುಡುವಿಕೆ ಇನ್ನೂ ಸುಲಭ. ಆದರೆ ಅಲ್ಲೊಂದು ಮೋಸವಿದೆ. ಅಮೆರಿಕದವರ ಪಾಠದ ವಿಡಿಯೋ ನೋಡಿ ನಮ್ಮ ಹುಡುಗರು 60 ಹರ್ಟ್ಸ್ ಅಂತ ಹಾಕಿಕೊಳ್ಳುತ್ತಾರೆ. ಅದು ಅವರ ದೇಶದ ಕರೆಂಟು! ನಮ್ಮದು 50 ಹರ್ಟ್ಸ್. ಅದರ ಮರಿಗಳು 100, 150, 200ರಲ್ಲಿ ಕೂತಿರುತ್ತವೆ. ಪರದೇಶದ ಅಂಕಿ ಹಾಕಿದರೆ ನಮ್ಮ ಗುಂಯ್ ಅಲ್ಲೇ ಉಳಿಯುತ್ತದೆ, ಪಕ್ಕದಲ್ಲಿದ್ದ ಗಂಡಸಿನ ದನಿಯ ತಳ ಹೋಗುತ್ತದೆ.

ಎರಡನೆಯದು, ಬಂದು ಹೋಗುವ ಸದ್ದು. ಲಾರಿ ಹಾರನ್ನು, ನಾಯಿ ಬೊಗಳಿದ್ದು, ಸಿರುಗುಪ್ಪದ ರೈಸ್‌ಮಿಲ್ ಮುಂದೆ ಮೂಟೆ ಎತ್ತಿಹಾಕಿದ್ದು. ಇದನ್ನು ಒಂದೊಂದಾಗಿ, ಕೈಯಿಂದ ಕಳೆ ಕೀಳುವ ಹಾಗೆ ಕೀಳಬೇಕು. ಮಾತಿನ ಮೇಲೇ ಹಾರನ್ ಬಿದ್ದಿದ್ದರೆ ಕೆಲವು ಸಲ ಬಿಟ್ಟುಬಿಡುವುದೇ ವಾಸಿ.

ಮೂರನೆಯದು, ಪ್ರತಿಧ್ವನಿ. ಕುರುಗೋಡಿನ ಕಲ್ಲಿನ ಗುಡಿಯೊಳಗೆ ದೂರದಿಂದ ರೆಕಾರ್ಡ್ ಮಾಡಿದರೆ ಒಂದು ಮಾತು ಕಂಬ ಕಂಬಕ್ಕೂ ಬಡಿದು ಹತ್ತಾಗಿ ಬರುತ್ತದೆ. ಅಲ್ಲಿ ದನಿಯ ಮೇಲೆ ಕೂತಿರುವುದು ಅದೇ ದನಿ. ಯಾವುದನ್ನು ತೆಗೆಯುತ್ತೀರಿ?

ನಾಲ್ಕನೆಯದು, ಒಡೆದ ದನಿ. ಮೈಕಿನ ಮಟ್ಟ ಮೀರಿ ಕೂಗಿದ್ದರಿಂದ ಅಲೆಯ ತಲೆಯೇ ಕತ್ತರಿಸಿಹೋಗಿರುತ್ತದೆ. ಅದನ್ನು ಸಾಫ್ಟ್‌ವೇರು ಊಹೆಯಿಂದ ಹೊಲಿಯುತ್ತದೆ, ಅಷ್ಟೇ. ಹರಿದ ಪಂಚೆಗೆ ತೇಪೆ.

ಅಜ್ಜಿಯ ಹಣೆಯ ಹಚ್ಚೆ

ಗದ್ದಲ ಅಳಿಸುವ ಈ ವಿದ್ಯೆ ಮಂತ್ರವಲ್ಲ. 1979ರಲ್ಲಿ ಸ್ಟೀವನ್ ಬೋಲ್ ಎಂಬ ವಿಜ್ಞಾನಿ ಬರೆದಿಟ್ಟ ಲೆಕ್ಕವೇ ಇವತ್ತಿನ ಅನೇಕ ಸಾಫ್ಟ್‌ವೇರುಗಳ ತಾಯಿಬೇರು. ಯಾರೂ ಮಾತಾಡದೆ ಇರುವ ಕಡೆ ಬರೀ ಗದ್ದಲದ ಒಂದು ತುಣುಕು ತೋರಿಸಬೇಕು. ಯಾವ ಸ್ವರದಲ್ಲಿ ಎಷ್ಟು ಗದ್ದಲವಿದೆ ಎಂದು ಯಂತ್ರ ಅಳೆದುಕೊಳ್ಳುತ್ತದೆ. ಆಮೇಲೆ ಇಡೀ ರೆಕಾರ್ಡಿಂಗಿನಿಂದ ಅಷ್ಟನ್ನು ಕಳೆಯುತ್ತದೆ. ಅತಿಯಾಗಿ ಕಳೆದರೆ ನೀರೊಳಗಿಂದ ಗೆಜ್ಜೆ ಅಲುಗಿದಂಥ ಕಿಣಿಕಿಣಿ ಉಳಿಯುತ್ತದೆ. ನಿಮ್ಮ ಚಿತ್ರಗಳಲ್ಲಿ ನಾನು ಕೇಳಿದ್ದು ಅದನ್ನೇ.

ನಮ್ಮ ಕಸುಬಿನಲ್ಲೂ ಇದೇ ಪಾಠ. ಹಳೇ ಫೋಟೋ ಸ್ಕ್ಯಾನ್ ಮಾಡಿ ಧೂಳು, ಚುಕ್ಕೆ ಅಳಿಸುತ್ತೇವೆ. ಒಂದು ಗೆರೆಯ ತನಕ ಹೋಗುವುದು ಧೂಳು. ಆ ಗೆರೆ ದಾಟಿದರೆ ಅಜ್ಜಿಯ ಹಣೆಯ ಹಚ್ಚೆಯೂ ಹೋಗುತ್ತದೆ, ಮುಖದ ಸುಕ್ಕೂ ಹೋಗುತ್ತದೆ. ಆಮೇಲೆ ಮೊಮ್ಮಗ ಬಂದು ಕೇಳುತ್ತಾನೆ, 'ಇವರು ಯಾರು?'

ಸರಿ, ದನಿಯಲ್ಲಿ ಆ ಹಚ್ಚೆ ಯಾವುದು? ಕೇಳಿ.

ಕನ್ನಡದ ಯಾವ ಅಕ್ಷರ ಮೊದಲು ಸಾಯುತ್ತದೆ?

'ಹ' ಅಂದರೇನು? ಬರೀ ಉಸಿರು. 'ಸ', 'ಶ', 'ಷ' ಅಂದರೇನು? ನಾಲಿಗೆಯ ಮೇಲಿಂದ, ಹಲ್ಲಿನ ಸಂದಿಯಿಂದ ನುಸುಳುವ ಗಾಳಿ. ಮಹಾಪ್ರಾಣ ಅಂದರೆ 'ಕ'ಕಾರದ ಬೆನ್ನಿಗೆ, 'ಬ'ಕಾರದ ಬೆನ್ನಿಗೆ ಬಿಟ್ಟ ಉಸಿರು. ಯಂತ್ರದ ಕಿವಿಗೆ ಈ ಉಸಿರಿಗೂ ಕೂಲರಿನ ಗಾಳಿಗೂ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದ ಕತ್ತರಿ ಬೀಳುವುದು ಮೊದಲು ಇವುಗಳ ಮೇಲೆಯೇ. 'ಹಾದಿ' ಹೋಗಿ 'ಆದಿ' ಆಗುತ್ತದೆ. 'ಹಾಳೆ' ಹೋಗಿ 'ಆಳೆ' ಆಗುತ್ತದೆ.

ಇನ್ನು 'ಲ' ಮತ್ತು 'ಳ', 'ನ' ಮತ್ತು 'ಣ'. ನಾಲಿಗೆ ಹಿಂದಕ್ಕೆ ಮಡಚಿತೋ ಇಲ್ಲವೋ ಎಂಬ ಸುಳಿವು ಬಹಳ ಸೂಕ್ಷ್ಮ. ಪಕ್ಕದ ಸ್ವರ ಆ ಕಡೆ ಎಷ್ಟು ಬಾಗಿತು ಎಂಬುದರಲ್ಲಿ ಅದು ಅಡಗಿರುತ್ತದೆ. ಗದ್ದಲದ ಜೊತೆ ಆ ಸುಳಿವೂ ಸವೆದುಹೋದರೆ ಎರಡೂ ಒಂದೇ.

ಸಿರುಗುಪ್ಪದ ಕಡೆಯ ಒಬ್ಬ ರೈತ ನಿಮ್ಮ ಕ್ಯಾಮೆರಾ ಮುಂದೆ ನಿಂತು, 'ಬೆಳೆಗೆ ಬೆಲೆ ಇಲ್ಲ' ಅನ್ನುತ್ತಾನೆ ಎಂದಿಟ್ಟುಕೊಳ್ಳಿ. ಮೂರೇ ಮಾತು. ಅವನ ಇಡೀ ವರ್ಷ ಆ ಮೂರು ಮಾತಿನಲ್ಲಿದೆ. ನೀವು ಬಟನ್ ಒತ್ತುತ್ತೀರಿ. ಪಂಪ್‌ಸೆಟ್ ಮಾಯ! ಆದರೆ ಈಗ ಅವನು ಏನನ್ನುತ್ತಿದ್ದಾನೆ? 'ಬೆಲೆಗೆ ಬೆಲೆ ಇಲ್ಲ!' ರೈತನ ಸಂಕಟವನ್ನು ತೊದಲಾಗಿಸಿದ ಯಂತ್ರಕ್ಕೆ ನೀವು ಐದು ಸ್ಟಾರ್ ಕೊಟ್ಟು ಬರುತ್ತೀರಿ!

ಇದು ಸಣ್ಣ ವಿಷಯವೇ? ನಮ್ಮ ಪ್ರೆಸ್ಸಿನಲ್ಲಿ ಒಂದು ಒತ್ತಕ್ಷರ ಬಿದ್ದುಹೋದರೆ 'ಕನ್ನಡ' ಹೋಗಿ 'ಕನಡ' ಆಗುತ್ತದೆ. ಇಡೀ ಫಾರಂ ಮತ್ತೆ ಅಚ್ಚು ಹಾಕುತ್ತೇವೆ. ಕಣ್ಣಿಗೆ ಇರುವ ಈ ಮರ್ಯಾದೆ ಕಿವಿಗೆ ಯಾಕಿಲ್ಲ?

ಯಾರ ಮಾತು ಕೇಳಿ ಬೆಳೆದ ಯಂತ್ರ?

ಈಗಿನದು ಎಐ ಕಾಲ. ಹೊಸ ಸಾಫ್ಟ್‌ವೇರುಗಳಿಗೆ ಗದ್ದಲದ ತುಣುಕು ತೋರಿಸುವ ಅಗತ್ಯವೂ ಇಲ್ಲ. ಅವುಗಳನ್ನು ಬೆಳೆಸುವ ಕ್ರಮ ಹೀಗಿದೆ: ಒಂದು ಕಡೆ ಸಾವಿರಾರು ಗಂಟೆಗಳ ಶುದ್ಧ ಮಾತು, ಇನ್ನೊಂದು ಕಡೆ ಬರೀ ಗದ್ದಲ. ಎರಡನ್ನೂ ಬೆರೆಸಿ ಯಂತ್ರಕ್ಕೆ ಕೊಟ್ಟು, 'ಮಾತನ್ನು ಬೇರೆ ಮಾಡು' ಅನ್ನುತ್ತಾರೆ. ಲಕ್ಷಾಂತರ ಸಲ ಮಾಡಿಸಿ, ಯಾವುದು ಮನುಷ್ಯನ ಮಾತು ಎಂದು ಕಲಿಸುತ್ತಾರೆ.

ಯಾರ ಮಾತು? ಅದೇ ಪ್ರಶ್ನೆ. ಮೈಕ್ರೋಸಾಫ್ಟ್ ಕಂಪನಿ 2020ರಲ್ಲಿ ಜಗತ್ತಿನ ಸಂಶೋಧಕರಿಗಾಗಿ ಇಂಥದೊಂದು ಸ್ಪರ್ಧೆ ಶುರುಮಾಡಿತು. ಅದಕ್ಕೆ ಕೊಟ್ಟ ಮಾತು ಇಂಗ್ಲಿಷ್ ಪುಸ್ತಕಗಳನ್ನು ಜನ ಗಟ್ಟಿಯಾಗಿ ಓದಿದ್ದು. 2021ರಲ್ಲಿ ಫ್ರೆಂಚ್, ಜರ್ಮನ್, ಇಟಾಲಿಯನ್, ರಷ್ಯನ್, ಸ್ಪ್ಯಾನಿಷ್, ಚೀನಿ ಮಾತು ಸೇರಿದವು. ಕನ್ನಡ ಸೇರಲಿಲ್ಲ. ಇಂಗ್ಲಿಷಿನಲ್ಲಿ 'ಳ' ಇಲ್ಲ, 'ಣ' ಇಲ್ಲ. ಬೇರೆಯವರ ಮನೆಯ ಮಾತು ಕೇಳಿಯೇ ಬೆಳೆದ ಯಂತ್ರಕ್ಕೆ ತೆಕ್ಕಲಕೋಟೆಯ ಅಜ್ಜನ 'ಳ'ಕಾರ ಹೇಗೆ ಗುರುತು ಹತ್ತಬೇಕು?

ಅಂದರೆ ಈ ಯಂತ್ರಗಳು ಕನ್ನಡಕ್ಕೆ ಬರುವುದೇ ಇಲ್ಲ ಎಂದಲ್ಲ. ಗಂಟಲು ಎಲ್ಲರದೂ ಒಂದೇ. ದನಿ ಗಟ್ಟಿಯಾಗಿದ್ದಾಗ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ದನಿ ಕ್ಷೀಣವಾಗಿ ಗದ್ದಲ ಮೇಲೆದ್ದಾಗ ಮಾತ್ರ ಊಹೆಗಿಳಿಯುತ್ತವೆ. ಊಹೆ ಮಾಡುವಾಗ ಯಾರಿಗಾದರೂ ನೆನಪಾಗುವುದು ತಾನು ಕಲಿತ ಮಾತೇ ಅಲ್ಲವೇ?

ಹಾಗಾದರೆ ಯಾವುದು ಬಳಸಬೇಕು?

ಮೊದಲು ಜೇಬು ಸುಡದ್ದು. ಆಡಾಸಿಟಿ ಎಂಬ ಸಾಫ್ಟ್‌ವೇರ್ 2000ನೇ ಇಸವಿಯಿಂದ ಉಚಿತವಾಗಿ ಸಿಗುತ್ತಿದೆ. ಒಂದೇ ಸಮ ಬರುವ ಗದ್ದಲಕ್ಕೆ ಅದು ಸಾಕು. ಅದರಲ್ಲಿ ನಮ್ಮ ಹುಡುಗರು ಯಾರೂ ಮುಟ್ಟದ ಒಂದು ಗುಂಡಿ ಇದೆ. ಹೆಸರು 'ರೆಸಿಡ್ಯೂ'. ಅದನ್ನು ಆರಿಸಿದರೆ ಏನು ಉಳಿಯುತ್ತದೆ ಎಂದಲ್ಲ, ಏನು ಹೋಗುತ್ತದೆ ಎಂದು ಕೇಳಿಸುತ್ತದೆ! ಅಲ್ಲಿ ಬರೀ ಫ್ಯಾನು ಕೇಳಿಸಿದರೆ ನೀವು ಸರಿಯಾಗಿದ್ದೀರಿ. 'ಸ', 'ಶ', 'ಹ' ಪಿಸುಗುಟ್ಟಿದರೆ ಕೈ ಹಿಂದೆ ತೆಗೆಯಿರಿ. ಅದು ನಿಮ್ಮ ಭಾಷೆ ಕಸದ ಬುಟ್ಟಿಗೆ ಹೋಗುತ್ತಿರುವ ಸದ್ದು. 6 ಡೆಸಿಬಲ್‌ನಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಏರಿಸಿ.

ಕಾಸಿದ್ದವರಿಗೆ ಐಝೋಟೋಪ್ ಕಂಪನಿಯ ಆರ್‌ಎಕ್ಸ್ ಇದೆ. ಇದು ದನಿಯನ್ನು ಚಿತ್ರದ ಹಾಗೆ ಬಿಡಿಸಿ ತೋರಿಸುತ್ತದೆ. ಹಾರನ್ ಎಲ್ಲಿದೆಯೋ ಅಲ್ಲಿಗೆ ಹೋಗಿ ಅದೊಂದನ್ನೇ ಕೀಳಬಹುದು. ಗುಂಯ್‌ಗುಡುವಿಕೆಗೆ, ಚಟಚಟಕ್ಕೆ, ಒಡೆದ ದನಿಗೆ ಬೇರೆ ಬೇರೆ ಮದ್ದು ಅದರಲ್ಲಿವೆ. ತೆಗೆದದ್ದನ್ನು ಮಾತ್ರ ಕೇಳಿಸುವ ಸೌಕರ್ಯವೂ ಇದೆ. ಇಡೀ ಗುಂಪಿಗೆ ಒಂದು ಪ್ರತಿ ಕೊಂಡರೆ ಸಾಕು, ಒಬ್ಬೊಬ್ಬರೂ ಕೊಳ್ಳಬೇಕಿಲ್ಲ.

ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಬಳಸುವವರ ಹಣದ ಆವೃತ್ತಿಯಲ್ಲಿ 'ವಾಯ್ಸ್ ಐಸೊಲೇಷನ್' ಇದೆ. ಅದನ್ನು ಪೂರ್ತಿ 100ಕ್ಕೆ ಒಯ್ಯಬೇಡಿ. ಹಿನ್ನೆಲೆಯಲ್ಲಿ ಒಂಚೂರು ಊರು ಉಳಿಯಲಿ. ಊರಿನ ಸದ್ದೇ ಇಲ್ಲದ ಊರಿನ ಚಿತ್ರ ಹೆಣದ ಮನೆಯ ಹಾಗಿರುತ್ತದೆ.

ಇಂಟರ್‌ನೆಟ್ಟಿಗೆ ಹಾಕಿದರೆ ಕ್ಷಣದಲ್ಲಿ ಸ್ಟುಡಿಯೋ ದನಿ ಮಾಡಿಕೊಡುವ ಅಡೋಬಿಯಂಥ ಕಂಪನಿಗಳ ಸೇವೆಗಳೂ ಇವೆ. ಅಲ್ಲಿ ಎಚ್ಚರ. ಕ್ಷೀಣ ದನಿ ಕೊಟ್ಟರೆ ಅಂಥವು ಮಾತನ್ನು ತೊಳೆಯುವುದಷ್ಟೇ ಅಲ್ಲ, ಹೊಸದಾಗಿ ಕಟ್ಟುತ್ತವೆ. ರೇಡಿಯೋ ಅನೌನ್ಸರಿನ ಹಾಗೆ ನುಣುಪಾದ ದನಿ ಬರುತ್ತದೆ, ಆದರೆ ಆಡಿದವನು ಆಡಿದ್ದು ಅದೇ ಎಂದು ಆಣೆ ಮಾಡುವವರು ಯಾರು?

ಯಾವುದನ್ನು ಕೊಳ್ಳುವ ಮೊದಲೂ ಒಂದು ಪರೀಕ್ಷೆ ಮಾಡಿ. ನಿಮ್ಮ ಮನೆಯ ಹಿರಿಯರೊಬ್ಬರನ್ನು ಫ್ಯಾನಿನ ಕೆಳಗೆ ಕೂರಿಸಿ ಈ ಜೋಡಿಗಳನ್ನು ಹೇಳಿಸಿ: ಬೆಳೆ-ಬೆಲೆ, ಕಳೆ-ಕಲೆ, ಹಳ್ಳಿ-ಹಲ್ಲಿ, ಹಾದಿ-ಆದಿ, ಹಾಲು-ಪಾಲು, ಕಣ-ಕನ. ರೆಕಾರ್ಡ್ ಮಾಡಿ ಪ್ರತಿ ಸಾಫ್ಟ್‌ವೇರಿಗೂ ಹಾಕಿ. ಆಮೇಲೆ ಆ ಮಾತು ಮೊದಲು ಕೇಳದ ಗೆಳೆಯನಿಗೆ ಕೇಳಿಸಿ, ಬರೆದುಕೊಡು ಅನ್ನಿ. ಅವನು ಎಷ್ಟು ಸರಿ ಬರೆದ ಎಂಬುದೇ ಆ ಸಾಫ್ಟ್‌ವೇರಿನ ಮಾರ್ಕ್ಸು. ಜಾಹೀರಾತು ನಂಬಬೇಡಿ, ಈ ಮಾರ್ಕ್ಸು ನಂಬಿ.

'ಡಬ್ ಮಾಡಿಬಿಟ್ಟರಾಯ್ತಲ್ಲ!'

ಹೀಗೆ ಕೇಳುವವರಿದ್ದಾರೆ. ಕಥಾಚಿತ್ರದ ನಟನಾದರೆ ಸರಿ, ಮತ್ತೆ ಕೂತು ಹೇಳಬಲ್ಲ. ಗದ್ದೆಯ ರೈತ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಅದೇ ಸಂಕಟವನ್ನು ಮತ್ತೆ ಆಡುತ್ತಾನೆಯೇ? ಅವನ ಬದಲಿಗೆ ಬೆಂಗಳೂರಿನ ದನಿ ಕೂರಿಸಿದರೆ ಅದು ಬಳ್ಳಾರಿ ಮಾತಾಗುತ್ತದೆಯೇ? 2015ರ 'ತಿಥಿ' ಚಿತ್ರ ನೋಡಿ. ಮಂಡ್ಯ ಕಡೆಯ ಹಳ್ಳಿಯ ಜನ, ನಟರಲ್ಲ. ಸ್ಥಳದಲ್ಲೇ ಹಿಡಿದ ಅವರ ಮಾತೇ ಆ ಚಿತ್ರದ ಜೀವ. ನಮ್ಮ ಬಳ್ಳಾರಿ ಮಾತಿಗೆ ಅಂಥ ಚಿತ್ರ ಯಾವಾಗ?

ದನಿಯ ಬಗ್ಗೆ ನಮಗಿರುವ ಅಸಡ್ಡೆಗೆ ಇನ್ನೊಂದು ಉದಾಹರಣೆ. 2022ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ 'ಡೊಳ್ಳು' ಚಿತ್ರಕ್ಕೆ ಸ್ಥಳದಲ್ಲೇ ಧ್ವನಿಗ್ರಹಣ ಮಾಡಿದ್ದಕ್ಕೆ ಕೊಡುವ ಪ್ರಶಸ್ತಿ ಬಂತು. ಇದು ಡಬ್ ಮಾಡಿದ ಚಿತ್ರ ಎಂದು ಆ ಚಿತ್ರದ ಧ್ವನಿವಿನ್ಯಾಸಕರೇ ಬಹಿರಂಗವಾಗಿ ಹೇಳಿದರು! ದೇಶದ ತೀರ್ಪುಗಾರರಿಗೇ ಎರಡರ ವ್ಯತ್ಯಾಸ ಗೊತ್ತಾಗಲಿಲ್ಲ ಎಂದರೆ ನಮ್ಮ ಕಿವಿಗಳಿಗೆ ಯಾರು ಪಾಠ ಹೇಳಬೇಕು?

ಮೂಲ ಉಳಿಸಿ, ಮಿಕ್ಕದ್ದು ಆಮೇಲೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಕನ್ನಡ ಮೊದಲ ಸಲ ಬೆಳ್ಳಿತೆರೆಯ ಮೇಲೆ ಮಾತಾಡಿದ ಆ ದನಿ ಇವತ್ತು ಇಲ್ಲ. ಪ್ರಿಂಟೇ ಉಳಿದಿಲ್ಲ. ಯಾವ ಸಾಫ್ಟ್‌ವೇರ್ ತಂದು ಏನು ಮಾಡುತ್ತೀರಿ?

ಉಳಿದವುಗಳ ಕಥೆ ನೋಡಿ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತೊಟ್ಟು ಮತ್ತೆ ಥಿಯೇಟರಿಗೆ ಬಂದವು. ದನಿಯನ್ನೂ ಹೊಸ ಥಿಯೇಟರಿಗೆ ಒಗ್ಗಿಸಿದರು. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಇಟಲಿಯ ಬೊಲೋನ್ಯಾದ ಲ್ಯಾಬಿನಲ್ಲಿ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಸಾಧ್ಯವಾದದ್ದು ಯಾಕೆ? ಮೂಲ ನೆಗೆಟಿವ್ ಪುಣೆಯ ಚಲನಚಿತ್ರ ಭಂಡಾರದಲ್ಲಿ ಉಳಿದಿತ್ತು. ಆ ಕಾಲದಲ್ಲಿ ದನಿಯನ್ನೂ ಚಿತ್ರದ ಪಕ್ಕದಲ್ಲಿ ಬೆಳಕಿನ ಗೆರೆಯಾಗಿ ಅಚ್ಚು ಹಾಕುತ್ತಿದ್ದರು. ಅದರ ಮೇಲೆ ಗೀರು ಬಿದ್ದರೆ ಚಟಚಟ ಸದ್ದು. ಆದರೂ ಅಚ್ಚು ಇತ್ತು. ಅಚ್ಚು ಇದ್ದರೆ ಇವತ್ತಲ್ಲ ನಾಳೆ ಒರೆಸಬಹುದು.

ನೀವು ಏನು ಮಾಡುತ್ತಿದ್ದೀರಿ? ನಾಯ್ಸ್ ತೆಗೆದದ್ದನ್ನು ಇಟ್ಟುಕೊಂಡು ಮೂಲ ಅಳಿಸುತ್ತಿದ್ದೀರಿ, ಮೊಬೈಲಿನಲ್ಲಿ ಜಾಗ ಇಲ್ಲ ಅಂತ! ವಾಟ್ಸಾಪಿನಲ್ಲಿ ಕಳಿಸಿ, ಅದು ಹಿಂಡಿ ಹಿಪ್ಪೆ ಮಾಡಿದ್ದನ್ನೇ ಎಡಿಟ್ ಮಾಡುತ್ತಿದ್ದೀರಿ. ಹತ್ತು ವರ್ಷದ ನಂತರ ಇದಕ್ಕಿಂತ ಒಳ್ಳೆಯ, ಕನ್ನಡ ಬಲ್ಲ ಯಂತ್ರ ಬಂದೇ ಬರುತ್ತದೆ. ಅದಕ್ಕೆ ಕೊಡಲು ಮೂಲ ಬೇಡವೇ?

ಯಾಕೆ ಇಷ್ಟು ಕಾಳಜಿ ಅಂದರೆ, ಹೋದವರು ರೀಟೇಕ್ ಕೊಡುವುದಿಲ್ಲ. ಅಕ್ಷರ ಓದದೆ ಹನ್ನೆರಡು ಕಾವ್ಯಗಳನ್ನು ಬಾಯಲ್ಲಿಟ್ಟುಕೊಂಡಿದ್ದ ದರೋಜಿಯ ಬುರ್ರಕಥಾ ಈರಮ್ಮ 2014ರಲ್ಲಿ ಹೋದರು. ರಂಗಭೂಮಿಯ ಸುಭದ್ರಮ್ಮ ಮನ್ಸೂರ್ 2020ರಲ್ಲಿ ಹೋದರು. ತೊಗಲುಗೊಂಬೆಯಾಟದ ಬೆಳಗಲ್ಲು ವೀರಣ್ಣ 2023ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ಎಲ್ಲ ಈ ಸೀಮೆಯವರೇ. ಇಂಥವರನ್ನು ಯಾರಾದರೂ ಫೋನಿನಲ್ಲಿ, ಹ್ಯಾಂಡಿಕ್ಯಾಮಿನಲ್ಲಿ ಹಿಡಿದಿದ್ದರೆ ಗದ್ದಲ ತುಂಬಿದ ಆ ರೆಕಾರ್ಡಿಂಗೇ ಬಂಗಾರ.

ಅಂಥದ್ದಕ್ಕೆ 'ವಾಯ್ಸ್ ಐಸೊಲೇಷನ್' ಹಾಕುವ ಮುನ್ನ ನೂರು ಸಲ ಯೋಚಿಸಿ. ಅದಕ್ಕೆ ಬೇಕಾದ್ದು ಮಾತು ಮಾತ್ರ. ಬುರ್ರ, ಮದ್ದಳೆ, ತಾಳ, ಹಿಮ್ಮೇಳ, ನೋಡುತ್ತಿದ್ದ ಜನರ 'ಹೋ' ಎಲ್ಲವೂ ಅದರ ಲೆಕ್ಕದಲ್ಲಿ ಗದ್ದಲ! ಬಯಲಾಟದಿಂದ ಮದ್ದಳೆ ತೆಗೆದರೆ ಉಳಿಯುವುದು ಏನು, ಬರೀ ಬಯಲು!

ಕೇಳಬೇಕಾದ್ದು ಗಟ್ಟಿಯಾಗಿ ಕೇಳೋಣ

ಕಂಪ್ಯೂಟರಿಗೆ ಕನ್ನಡ ತಾನಾಗಿ ಬರಲಿಲ್ಲ. ಕೆ.ಪಿ. ರಾವ್ ಅಂಥವರು ಕೂತು ಕೀಲಿಮಣೆಗೆ ಕನ್ನಡ ಕಲಿಸಿದರು. ಶೇಷಾದ್ರಿವಾಸು 'ಬರಹ' ಕೊಟ್ಟರು. ಕನ್ನಡ ಗಣಕ ಪರಿಷತ್ತಿನಿಂದ 'ನುಡಿ' ಬಂತು. ನನ್ನ ಪ್ರೆಸ್ಸು ನಡೆಯುತ್ತಿರುವುದು ಇಂಥವರ ಬೆವರಿನ ಮೇಲೆ. ಅಕ್ಷರಕ್ಕೆ ಆದದ್ದು ದನಿಗೂ ಆಗಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 'ವಾಣಿ' ಯೋಜನೆಯಲ್ಲಿ ಜಿಲ್ಲೆವಾರು ಜನರ ಮಾತು ಸಂಗ್ರಹಿಸುವ ಕೆಲಸ ಹಿಡಿದಿದೆ. ಒಳ್ಳೆಯದು. ಆದರೆ ಗದ್ದಲ ಅಳಿಸುವ ಯಂತ್ರಕ್ಕೆ ಮಾತೂ ಬೇಕು, ಗದ್ದಲವೂ ಬೇಕು. ಎರಡೂ ನಮ್ಮಲ್ಲಿವೆ! ಸಿರುಗುಪ್ಪದ ಪಂಪ್‌ಸೆಟ್, ಬಳ್ಳಾರಿಯ ಅದಿರು ಲಾರಿ, ಕುರುಗೋಡು ಜಾತ್ರೆಯ ಗೌಜು ಒಂದು ಕಡೆ. ನಮ್ಮ ಹಿರಿಯರ ಶುದ್ಧ ದನಿ ಇನ್ನೊಂದು ಕಡೆ. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ನಮ್ಮೂರಿನ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸೇರಿ ಇದನ್ನು ಕೂಡಿಸಿ, ಯಾರು ಬೇಕಾದರೂ ಬಳಸುವಂತೆ ತೆರೆದಿಡಲಿ. ನವೆಂಬರಿನ ಒಂದು ಮೆರವಣಿಗೆಯ ಖರ್ಚಿನ ಪಾಲು ಇದಕ್ಕೆ ಬರಲಿ. ಧ್ವಜ ಹಾರಿಸುವುದು ಸುಲಭ, 'ಳ'ಕಾರ ಉಳಿಸುವುದು ಕಷ್ಟ.

ಅಲ್ಲಿಯ ತನಕ ನಿಮ್ಮ ಕೈಯಲ್ಲಿರುವುದು ಇಷ್ಟು. ಶೂಟಿಂಗಿಗೆ ಮುನ್ನ ಫ್ಯಾನ್ ಆರಿಸಿ, ಪಂಪ್‌ಸೆಟ್ ಐದು ನಿಮಿಷ ನಿಲ್ಲಿಸಲು ಕೈಮುಗಿದು ಕೇಳಿ. ಇನ್ನೊಂದು ಫೋನನ್ನು ಮಾತಾಡುವವರ ಎದೆಯ ಹತ್ತಿರ ಇಟ್ಟು ರೆಕಾರ್ಡ್ ಮಾಡಿ. ಯಾರೂ ಮಾತಾಡದ ಅರ್ಧ ನಿಮಿಷ ಹಿಡಿದುಕೊಳ್ಳಿ, ಯಂತ್ರಕ್ಕೆ ಗದ್ದಲ ತೋರಿಸಲು ಅದೇ ಬೇಕು. ವೇವ್ ಫೈಲಿನಲ್ಲಿ ಉಳಿಸಿ. ಮೂಲದ ಎರಡು ಪ್ರತಿ, ಎರಡು ಬೇರೆ ಮನೆಗಳಲ್ಲಿ ಇಡಿ. ಅಳಿಸುವಾಗ ಕಡಿಮೆ ಅಳಿಸಿ.

ಒಂಚೂರು ಫ್ಯಾನಿನ ಸದ್ದು ಉಳಿದರೆ ಉಳಿಯಲಿ ಬಿಡಿ. ರೈತ 'ಬೆಳೆ' ಅಂದದ್ದು 'ಬೆಳೆ' ಅಂತಲೇ ಕೇಳಿಸಬೇಕು. ಅಷ್ಟು ಕೇಳಿಸಿದರೆ ಆ ಚಿತ್ರ ಗೆದ್ದಿತು. ಏನಂತೀರಿ?